1951ರ ಶೆವ್ರೊಲೆ ಪಿಕಪ್: ಹಿಂದಿನ ಬಂಪರ್ ಕೂರುತ್ತಿಲ್ಲ, ಬಲಗಡೆ ಮೇಲೆದ್ದು ನಿಲ್ಲುತ್ತಿದೆ

ಬಾಳ್ಳುಪೇಟೆ ತೋಟದಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ತಾತ ತೋಟಕ್ಕೆ ತಂದಿದ್ದ ಶೆವ್ರೊಲೆ 3100 ಪಿಕಪ್ ಇದೆ, 1951ರ ಮಾಡೆಲ್. ಎಂಜಿನ್ನು, ಬ್ರೇಕು ಎಲ್ಲಾ ರಿಪೇರಿ ಆಗಿ ಗಾಡಿ ಓಡುತ್ತಿದೆ. ಹಿಂದಿನ ಬಂಪರ್ ಮಾತ್ರ ಇರಲಿಲ್ಲ. ಹೊಸದಾಗಿ ಮಾಡಿದ ಸೆಟ್ಟನ್ನು ಅಮೆರಿಕದಿಂದ ಹಡಗಿನಲ್ಲಿ ತರಿಸಿದೆ. ಬಂಪರ್ ಪಟ್ಟಿ, ಎರಡು ಉದ್ದ ಬ್ರ್ಯಾಕೆಟ್, ಓರೆಯಾಗಿ ಬರುವ ಎರಡು ಆಸರೆ ಪಟ್ಟಿ, ಒಂದು ಚೀಲ ಬೋಲ್ಟು ನಟ್ಟು.

ಬ್ರ್ಯಾಕೆಟ್ ಎರಡೂ ಚಾಸಿಗೆ, ಅಂದರೆ ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿಗೆ, ಚೆನ್ನಾಗಿಯೇ ಕೂತವು. ಬಂಪರ್ ಹಿಡಿದಾಗ ತಕರಾರು ಶುರು. ಎಡಗಡೆ ತೂತಿಗೆ ತೂತು ಸರಿಯಾಗಿ ಸೇರುತ್ತದೆ, ಬಲಗಡೆ ಅರ್ಧ ತೂತಿನಷ್ಟು ವ್ಯತ್ಯಾಸ. ಸಲಾಕೆ ಹಾಕಿ ಮೀಟಿ ಬೋಲ್ಟು ತೂರಿಸಿದರೆ ಬಂಪರಿನ ಬಲ ತುದಿ ಮೇಲೆದ್ದಂತೆ ಕಾಣುತ್ತದೆ. ಸಾಲದ್ದಕ್ಕೆ, ಹಿಂದಿನ ಡೋರಿನ ಸರಪಳಿ ಬಿಚ್ಚಿ ಪೂರ್ತಿ ಕೆಳಗೆ ಬಿಟ್ಟರೆ ಬಂಪರ್ ಮೇಲೆ ಬಡಿಯುತ್ತದೆ.

ಹಾಸನದಲ್ಲಿ ಒಬ್ಬ ಫಿಟ್ಟರ್‌ಗೆ ತೋರಿಸಿದೆ. ಬಲಗಡೆ ಚಾಸಿ ತುದಿಯನ್ನು ಗ್ಯಾಸಿನಲ್ಲಿ ಕತ್ತರಿಸಿ, ಬ್ರ್ಯಾಕೆಟ್ ಸಮೇತ ವೆಲ್ಡಿಂಗ್ ಮಾಡಿಬಿಡೋಣ ಎಂದರು. ನನಗೆ ಧೈರ್ಯ ಬರಲಿಲ್ಲ. ಏನು ಮಾಡಲಿ?

ಮೂಡಿಗೆರೆ ಫಿಟ್ಟರ್:

ದಯವಿಟ್ಟು ಗ್ಯಾಸ್ ಹಚ್ಚಿಸಬೇಡಿ. ಚಾಸಿ ತುದಿ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ.

ಒಂದು ಮಾತು ಹೇಳಿ. ಬಂಪರ್ ಮೇಲೆದ್ದಿದೆ ಅಂತೀರಲ್ಲ, ಅದನ್ನು ಯಾವುದಕ್ಕೆ ಹೋಲಿಸಿ ಹೇಳುತ್ತಿದ್ದೀರಿ? ಹಿಂದೆ ಸಾಮಾನು ಹೇರುವ ಬಾಡಿಗೋ, ಚಾಸಿಗೋ?

ಬಾಳ್ಳುಪೇಟೆ ತೋಟದಿಂದ:

ಬಾಡಿಗೇ ಹೋಲಿಸಿ ಅಣ್ಣ. ಹಿಂದೆ ನಿಂತು ನೋಡಿದರೆ ಬಾಡಿಯ ಕೆಳ ಅಂಚಿಗೂ ಬಂಪರಿಗೂ ನಡುವಿನ ಸಂದಿ ಎಡಗಡೆ ಜಾಸ್ತಿ, ಬಲಗಡೆ ಕಮ್ಮಿ. ಅಳೆದರೆ ಅರ್ಧ ಇಂಚಿಗಿಂತ ಸ್ವಲ್ಪ ಹೆಚ್ಚು ವ್ಯತ್ಯಾಸ.

ಅರಸೀಕೆರೆ ಗ್ಯಾರೇಜ್:

ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಸರ್. ಬಲಗಡೆ ತೂತು ದೊಡ್ಡದು ಮಾಡಿ, ದಪ್ಪ ವಾಷರ್ ಹಾಕಿ ಬಿಗಿಯಿರಿ. ಚಾಸಿಯಲ್ಲಿ ಆದರೂ ಸರಿ, ಬ್ರ್ಯಾಕೆಟ್ಟಿನಲ್ಲಿ ಆದರೂ ಸರಿ. ಟ್ರ್ಯಾಕ್ಟರ್ ಟ್ರೇಲರ್‌ಗೆಲ್ಲ ನಾವು ಹಾಗೇ ಮಾಡುವುದು.

ಮೂಡಿಗೆರೆ ಫಿಟ್ಟರ್:

ಟ್ರೇಲರ್‌ಗೆ ನಡೆಯುತ್ತದೆ, ಒಪ್ಪುತ್ತೇನೆ. ಇಲ್ಲಿ ಬೇಡ. ತೂತು ಯಾಕೆ ಸೇರುತ್ತಿಲ್ಲ ಅಂತ ಗೊತ್ತಾಗುವ ಮೊದಲು ಡ್ರಿಲ್ ಮುಟ್ಟಬಾರದು. ಸೆಟ್ ಹೊಸದು, ಎಡಗಡೆ ಸರಿಯಾಗಿ ಕೂತಿದೆ. ಹಾಗಾದರೆ ಬಲಗಡೆ ಗಾಡಿಯಲ್ಲೇ ಏನೋ ಸರಿದಿದೆ. ಅದನ್ನು ಹಾಗೇ ಬಿಟ್ಟು ತೂತು ದೊಡ್ಡದು ಮಾಡಿದರೆ ಕಾಯಿಲೆ ಒಳಗೇ ಉಳಿಯುತ್ತದೆ. ಚಾಸಿ ಪಟ್ಟಿಯ ಮೇಲಂಚು, ಕೆಳಂಚು ಮಡಿಚಿಕೊಂಡಿರುವ ಕಡೆಯಂತೂ ಯಾವತ್ತೂ ತೂತು ಕೊರೆಯಬಾರದು. ಭಾರ ಬಿದ್ದಾಗ ಎಳೆತ ಜಾಸ್ತಿ ಇರುವುದು ಅಲ್ಲೇ. ಬಿರುಕು ಅಲ್ಲಿಂದಲೇ ಹುಟ್ಟುತ್ತದೆ.

ತಮ್ಮಾ, ನನ್ನ ಅನುಮಾನ ಹೇಳುತ್ತೇನೆ. ನಿಮ್ಮಲ್ಲಿ ಎರಡು ಬೇರೆ ಬೇರೆ ತೊಂದರೆ ಇವೆ. ಎರಡೂ ಬಲಗಡೆಯೇ ಇರುವುದರಿಂದ ಒಂದೇ ಅಂತ ಕಾಣುತ್ತಿದೆ.

ಮೊದಲನೆಯದು ಎತ್ತರ. ಈ ಗಾಡಿಯಲ್ಲಿ ಬಾಡಿ ನೇರವಾಗಿ ಚಾಸಿ ಮೇಲೆ ಕೂತಿಲ್ಲ. ನಡುವೆ ಮರದ ತುಂಡುಗಳ ಪ್ಯಾಕಿಂಗ್ ಇರುತ್ತದೆ. ಬಾಡಿಯ ನೆಲವೂ ಮರದ ಹಲಗೆಯದೇ, ಮಧ್ಯೆ ಮಧ್ಯೆ ಕಬ್ಬಿಣದ ಪಟ್ಟಿ. ನಮ್ಮ ಮಲೆನಾಡಿನ ಮಳೆಗೆ ಆ ಪ್ಯಾಕಿಂಗ್ ಕೊಳೆತು ಕುಸಿಯುವುದು ಹೊಸದೇನಲ್ಲ. ಕುಸಿದರೆ ಬಾಡಿಯೇ ಕೆಳಗೆ ಬರುತ್ತದೆ. ಬಂಪರ್ ಇದ್ದಲ್ಲೇ ಇರುತ್ತದೆ, ನೋಡುವವರಿಗೆ ಮೇಲೆದ್ದಂತೆ ಕಾಣುತ್ತದೆ. ಗಾಡಿ ಕೆಳಗೆ ಮಲಗಿ, ಸ್ಕ್ರೂಡ್ರೈವರ್ ತುದಿಯಿಂದ ಬಲಗಡೆ ಹಿಂದಿನ ಪ್ಯಾಕಿಂಗ್ ಚುಚ್ಚಿ ನೋಡಿ. ಒಳ್ಳೆ ಮರ ಆದರೆ ತುದಿ ಜಾರುತ್ತದೆ. ಕೊಳೆತಿದ್ದರೆ ಸುಮ್ನೆ ಒಳಗೆ ಹೋಗುತ್ತದೆ.

ಎರಡನೆಯದು ಅಡ್ಡಕ್ಕೆ ಸರಿದಿರುವುದು. ಚಾಸಿಯ ಬಲ ತುದಿ ಒಳಕ್ಕೆ ಬಾಗಿರಬೇಕು. ಹಿಂದೆ ಈ ಗಾಡಿಯಲ್ಲಿ ಮರ ಎಳೆದಿದ್ದಾರಾ ಕೇಳಿ ನೋಡಿ. ತುದಿಗೆ ಸರಪಳಿ ಸುತ್ತಿ ದಿಮ್ಮಿ ಎಳೆದರೆ ಹೀಗೇ ಆಗುವುದು.

ಅಳೆಯುವ ರೀತಿ ಹೇಳುತ್ತೇನೆ. ಕಾಫಿ ಒಣಗಿಸುವ ಕಣ ಇದೆಯಲ್ವಾ, ಅಲ್ಲಿ ನಿಲ್ಲಿಸಿ. ಆದರೆ ಕಣದ ನೆಲವನ್ನು ನಂಬಬೇಡಿ. ಮಳೆ ನೀರು ಹರಿಯಲಿ ಅಂತ ಅದಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ಎತ್ತರಕ್ಕೆ ಗಾರೆ ಮೇಸ್ತ್ರಿಯ ಟ್ಯೂಬ್ ಲೆವೆಲ್, ಅಂದರೆ ಮಟ್ಟ ನೋಡುವ ನೀರಿನ ಪೈಪು ತನ್ನಿ. ಅಚ್ಚಿನ ಕೆಳಗೆ ಸ್ಟ್ಯಾಂಡ್ ಕೊಟ್ಟು, ಚಾಸಿಯ ಎರಡೂ ತುದಿಯ ಮಟ್ಟ ನೋಡಿ, ಆಮೇಲೆ ಬಾಡಿಯ ಎರಡೂ ಮೂಲೆಯ ಮಟ್ಟ ನೋಡಿ. ಚಾಸಿ ಒಂದೇ ಮಟ್ಟದಲ್ಲಿದ್ದು ಬಾಡಿ ಓರೆ ಇದ್ದರೆ ಪ್ಯಾಕಿಂಗಿನದ್ದೇ ತೊಂದರೆ.

ಅಡ್ಡಕ್ಕೆ ನೋಡುವುದಾದರೆ ತೂಕದ ಗುಂಡು ಸಾಕು. ಹಿಂದಿನ ಸ್ಪ್ರಿಂಗ್ ಚಾಸಿಗೆ ಸೇರುವ ಜಾಗಗಳು ಎಡಕ್ಕೂ ಬಲಕ್ಕೂ ಒಂದೇ ಸಮ ಇರುತ್ತವೆ. ಸ್ಪ್ರಿಂಗಿನ ಮುಂದಿನ ತುದಿ, ಹಿಂದಿನ ತುದಿ, ಹೀಗೆ ನಾಲ್ಕು ಕಡೆಯಿಂದ ಗುಂಡು ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡೂ ಕರ್ಣ ಒಂದೇ ಬಂದರೆ ಅಲ್ಲಿವರೆಗೆ ಚಾಸಿ ನೆಟ್ಟಗಿದೆ. ಆಮೇಲೆ ಎಡ ಬಲ ಗುರುತುಗಳ ನಡುಮಧ್ಯ ಹಿಡಿದು ಹಿಂದಕ್ಕೆ ಒಂದು ನೂಲು ಎಳೆಯಿರಿ. ಚಾಸಿಯ ಎರಡೂ ತುದಿಯಿಂದ ಗುಂಡು ಬಿಟ್ಟು, ಆ ನೂಲಿಗೆ ಎಷ್ಟು ದೂರ ನೋಡಿ. ಎರಡೂ ಕಡೆ ಒಂದೇ ಬರಬೇಕು. ಕಮ್ಮಿ ಬಂದ ಕಡೆ ಬಾಗಿದೆ.

ಬಾಡಿಯಿಂದ ಏನನ್ನೂ ಅಳೆಯಬೇಡಿ. ಎಪ್ಪತ್ತು ವರ್ಷದ ಗಾಡಿಯಲ್ಲಿ ನಂಬಬಹುದಾದದ್ದು ಚಾಸಿ ಒಂದೇ.

ಚಿಕ್ಕಮಗಳೂರು ಹಳೇ ಗಾಡಿ:

ಫಿಟ್ಟರ್ ಅಣ್ಣ ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ, ಕಾಗದದ ವಿಷಯ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳ ನೋಂದಣಿಗೆ ನಿಯಮ ತಂದಿದೆ. ಅದು ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ವ್ಯಾಪಾರಕ್ಕೆ ಬಳಸದ ಬೈಕು, ಕಾರುಗಳಿಗೆ ಇರುವುದು; ಪಿಕಪ್‌ಗೆ ಸಿಗುತ್ತದಾ ಅಂತ ಆರ್‌ಟಿಒದಲ್ಲಿ ಕೇಳಿಕೊಳ್ಳಿ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, 10 ವರ್ಷದ ಅವಧಿ. ಮುಖ್ಯವಾದ ಷರತ್ತು ಏನೆಂದರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ ಯಾವುದನ್ನೂ ದೊಡ್ಡದಾಗಿ ಬದಲಾಯಿಸಿರಬಾರದು. ಚಾಸಿ ಕತ್ತರಿಸಿ ವೆಲ್ಡಿಂಗ್ ಮಾಡಿಸಿದ ಮೇಲೆ ಆ ಅರ್ಜಿ ಹಾಕುವುದು ಕಷ್ಟ. ಬೋಲ್ಟಿನಲ್ಲಿ ಕೂರುವ ಬಂಪರಿಗೆ ಈ ತಲೆನೋವು ಇಲ್ಲ, ಬೇಕಾದಾಗ ಬಿಚ್ಚಬಹುದು.

ಇನ್ನೊಂದು. ಯಾವ ಕಾರಣಕ್ಕಾದರೂ ಗಾಡಿಯ ಹಿಂಭಾಗದಲ್ಲಿ ಬೆಂಕಿ ಕೆಲಸ ಮಾಡಿಸುವವರು ಪೆಟ್ರೋಲ್ ಟ್ಯಾಂಕ್ ಎಲ್ಲಿದೆ ಅಂತ ಮೊದಲು ನೋಡಿ. ಈ ಸಾಲಿನ ಶೆವ್ರೊಲೆಗಳಲ್ಲಿ 1949ರಿಂದ ಟ್ಯಾಂಕ್ ಕ್ಯಾಬಿನ್ ಒಳಗೆ, ಸೀಟಿನ ಹಿಂದೆ ಬಂತು. ಅದಕ್ಕಿಂತ ಹಿಂದಿನವುಗಳಲ್ಲಿ ಬಾಡಿಯ ಕೆಳಗೆ ಚಾಸಿಗೇ ಇರುತ್ತದೆ.

ಬಾಳ್ಳುಪೇಟೆ ತೋಟದಿಂದ:

ಅಣ್ಣ, ಅಳೆದು ನೋಡಿದೆ. ನೀವು ಹೇಳಿದಂತೆ ಎರಡೂ ಇದೆ!

ಚಾಸಿಯ ಎರಡೂ ತುದಿ ಒಂದೇ ಮಟ್ಟ. ಬಾಡಿಯ ಬಲ ಮೂಲೆ ಮಾತ್ರ ಅರ್ಧ ಇಂಚು ಕೆಳಗಿದೆ. ಆ ಕಡೆಯ ಹಿಂದಿನ ಪ್ಯಾಕಿಂಗಿಗೆ ಸ್ಕ್ರೂಡ್ರೈವರ್ ಹಿಡಿತದವರೆಗೆ ಹೋಯಿತು. ಕೈ ಹಾಕಿದರೆ ಒದ್ದೆ ಕಾಫಿ ಪುಡಿಯ ಹಾಗೆ ಉದುರಿತು. ಕರ್ಣ ಎರಡೂ ಸರಿಯಾಗಿದೆ. ನೂಲಿನಿಂದ ಬಲ ತುದಿಗೆ ಎಡಕ್ಕಿಂತ ಕಾಲು ಇಂಚು ಕಮ್ಮಿ. ಮರ ಎಳೆದಿದ್ದು ನಿಜ ಅಂತ ಅಪ್ಪ ಹೇಳಿದರು. ಸಿಲ್ವರ್ ಓಕ್ ಕಡಿಸಿದಾಗೆಲ್ಲ ಇದೇ ಗಾಡಿಯಂತೆ.

ಈಗ ಬಾಗಿದ್ದನ್ನು ನೆಟ್ಟಗೆ ಮಾಡುವುದು ಹೇಗೆ? ಕಾಯಿಸಬೇಕಾ?

ಮೂಡಿಗೆರೆ ಫಿಟ್ಟರ್:

ಕಾಯಿಸಬೇಡಿ. ಕಾಲು ಇಂಚು ತಣ್ಣಗಿದ್ದಾಗಲೇ ಬರುತ್ತದೆ.

ಮೊದಲು ಸ್ಟೆಪ್ನಿ ಕೆಳಗಿದ್ದರೆ ತೆಗೆಯಿರಿ. ಬ್ರ್ಯಾಕೆಟ್ ಬಿಚ್ಚಿ. ಹಿಂದಿನ ಅಡ್ಡ ತೊಲೆ ಚಾಸಿಗೆ ಸೇರುವ ಕಡೆ ರಿವೆಟ್‌ಗಳನ್ನು ಬ್ರಷ್ ಹಾಕಿ ತಿಕ್ಕಿ ನೋಡಿ. ರಿವೆಟ್ ತಲೆಯ ಸುತ್ತ ಕೆಂಪು ಪುಡಿ ಮತ್ತೆ ಮತ್ತೆ ಬರುತ್ತಿದ್ದರೆ ಅದು ಸಡಿಲ ಆಗಿದೆ ಅಂತ ಅರ್ಥ, ಆ ಕೆಲಸ ಮೊದಲು. ತೊಲೆಯಿಂದ ತುದಿವರೆಗೆ ಬಿರುಕು ಇದೆಯಾ ಅದನ್ನೂ ನೋಡಿ.

ಎಲ್ಲ ಸರಿ ಇದ್ದರೆ ಸ್ಕ್ರೂ ಜಾಕಿ ತಗೊಳ್ಳಿ. ಬಾಟಲ್ ಜಾಕಿ ಬೇಡ, ಅದನ್ನು ಅಡ್ಡ ಮಲಗಿಸಿದರೆ ಎಣ್ಣೆ ಸರಿಯಾಗಿ ಏರುವುದಿಲ್ಲ. ಜಾಕಿಯ ಒಂದು ಕಡೆ ಬಲ ತುದಿಯ ಒಳಮೈಗೆ, ಇನ್ನೊಂದು ಕಡೆ ಗಟ್ಟಿ ಮರದ ತುಂಡಿನ ಮೂಲಕ ಎಡಗಡೆ ಅಡ್ಡ ತೊಲೆ ಸೇರುವ ಮೂಲೆಗೆ ಕೊಡಿ. ಅಂದರೆ ಓರೆಯಾಗಿ ನಿಲ್ಲುತ್ತದೆ. ತುದಿಯಿಂದ ತುದಿಗೆ ನೇರ ಕೊಟ್ಟರೆ ಸರಿಯಾಗಿರುವ ಎಡಗಡೆಯೂ ಹೊರಕ್ಕೆ ಹೋಗುತ್ತದೆ. ಜಾಕಿ ಮುಖಕ್ಕೂ ಚಾಸಿಗೂ ನಡುವೆ ದಪ್ಪ ತಗಡು ಇಡಿ, ಇಲ್ಲದಿದ್ದರೆ ಗುಳಿ ಬೀಳುತ್ತದೆ. ಜಾಕಿ ಜಾರಿದರೆ ಗುಂಡಿನ ಹಾಗೆ ಹಾರುತ್ತದೆ, ಅದಕ್ಕೆ ಹಗ್ಗ ಕಟ್ಟಿ. ಎದುರಿಗೆ ಯಾರೂ ಕೂರಬಾರದು.

ನಿಧಾನವಾಗಿ ತಿರುಗಿಸಿ. ಉಕ್ಕು ವಾಪಸ್ ಬರುತ್ತದೆ, ಅದಕ್ಕೆ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ತಳ್ಳಿ ಬಿಡಬೇಕು. ಪ್ರತಿ ಸಲ ಜಾಕಿ ಪೂರ್ತಿ ಸಡಿಲ ಮಾಡಿ ನೂಲಿನಿಂದ ಅಳೆಯಿರಿ. ಜಾಕಿ ಬಿಗಿ ಇರುವಾಗ ಅಳೆದರೆ ಆ ಲೆಕ್ಕ ಸುಳ್ಳು.

ಪ್ಯಾಕಿಂಗ್ ಒಂದನ್ನೇ ಬದಲಾಯಿಸಬೇಡಿ, ಎಲ್ಲವನ್ನೂ ಬದಲಾಯಿಸಿ. ಚೆನ್ನಾಗಿ ಒಣಗಿದ ತೇಗ ಸಿಕ್ಕಿದರೆ ಒಳ್ಳೆಯದು. ಸಿಲ್ವರ್ ಓಕ್ ಬೇಡ, ನೀರಿಗೆ ತಡೆಯುವುದಿಲ್ಲ. ಕತ್ತರಿಸಿದ ತುದಿಗೂ, ಬೋಲ್ಟಿನ ತೂತಿನ ಒಳಗೂ ಬಣ್ಣ ಹೋಗಬೇಕು. ನೀರು ಕುಡಿಯುವುದು ಅಲ್ಲಿಂದಲೇ.

ಬಾಳ್ಳುಪೇಟೆ ತೋಟದಿಂದ:

ಕೆಲಸ ಆಯಿತು ಅಣ್ಣ. ತುದಿ ನೆಟ್ಟಗಾಯಿತು, ಪ್ಯಾಕಿಂಗ್ ಎಲ್ಲಾ ಹೊಸದು. ಬಂಪರ್ ಎತ್ತಿ ಹಿಡಿದರೆ ನಾಲ್ಕು ಬೋಲ್ಟೂ ಕೈಯಲ್ಲೇ ಹೋದವು, ಸಲಾಕೆ ಮುಟ್ಟಲಿಲ್ಲ. ಸಂದಿ ಎರಡೂ ಕಡೆ ಒಂದೇ ಸಮ.

ಚೀಲದಲ್ಲಿದ್ದ ಒಂದು ಬೋಲ್ಟು ಎಲ್ಲೋ ಬಿದ್ದುಹೋಗಿದೆ. ಅರ್ಧ ಇಂಚಿನದು. ಅಂಗಡಿಯಲ್ಲಿ 12 ಎಂಎಂ ಕೊಟ್ಟರು, ಹಳೇ ನಟ್ಟಿಗೆ ಹೋಗುತ್ತದೆ. ನಡೆಯುತ್ತದಾ? ಮತ್ತೆ ಡೋರ್ ಈಗಲೂ ಬಂಪರಿಗೆ ತಾಗುತ್ತದೆ.

ಅರಸೀಕೆರೆ ಗ್ಯಾರೇಜ್:

ತುಂಬಾ ಸಂತೋಷ ಸರ್. ಈ ನೂಲಿನ ಅಳತೆ ನಾನೂ ಇಟ್ಟುಕೊಂಡೆ.

ಬೋಲ್ಟು ಮಾತ್ರ ವಾಪಸ್ ಕೊಡಿ. ಅರ್ಧ ಇಂಚು ಅಂದರೆ 12.7 ಎಂಎಂ. ಇಂಚಿಗೆ 13 ಸುತ್ತು ಬರುತ್ತದೆ. 12 ಎಂಎಂ ಬೋಲ್ಟಿನ ಸುತ್ತು 1.75 ಎಂಎಂಗೆ ಒಂದು. ನಟ್ಟಿನೊಳಗೆ ಸಡಿಲವಾಗಿ ಹೋಗಿ ಕೊನೆಗೆ ಕಚ್ಚಿದಂತೆ ಆಗುತ್ತದೆ, ಬಿಗಿಯಾಯಿತು ಅಂದುಕೊಳ್ಳುತ್ತೀರಿ. ಹಿಡಿದಿರುವುದು ಸುತ್ತಿನ ತುದಿ ಮಾತ್ರ. ತೋಟದ ರಸ್ತೆಯಲ್ಲಿ ಕುಲುಕಿದರೆ ಕಿತ್ತುಬರುತ್ತದೆ. ಎರಡಕ್ಕೂ 19ರ ಸ್ಪ್ಯಾನರ್ರೇ ಕೂರುವುದರಿಂದ ತುಂಬಾ ಜನ ಹೀಗೆ ಏಮಾರುತ್ತಾರೆ. ಅರ್ಧ ಇಂಚಿನ ಬೋಲ್ಟನ್ನೇ ಹುಡುಕಿ, ತಲೆ ಮೇಲೆ ಮೂರು ಗೆರೆ ಇರಬೇಕು. ಅದು ಗ್ರೇಡ್ 5 ಅನ್ನುವ ಗಟ್ಟಿತನದ ಗುರುತು, ಇಲ್ಲಿಗೆ ಸಾಕು. ಸಿಗದಿದ್ದರೆ 12 ಎಂಎಂ ಬೋಲ್ಟಿಗೆ 12 ಎಂಎಂ ನಟ್ಟೇ ಹಾಕಿ, ತಲೆ ಮೇಲೆ 8.8 ಅಂತ ಇರಲಿ.

ಮೂಡಿಗೆರೆ ಫಿಟ್ಟರ್:

ಅರಸೀಕೆರೆಯವರು ಹೇಳಿದ್ದು ನೂರಕ್ಕೆ ನೂರು ಸರಿ.

ಡೋರಿನ ವಿಷಯಕ್ಕೆ ಬಂಪರನ್ನು ಹಿಂದಕ್ಕೆ ತಳ್ಳಲು ಹೋಗಬೇಡಿ. ಬ್ರ್ಯಾಕೆಟ್ ಉದ್ದ ಆದಷ್ಟೂ ಚಾಸಿ ಬೋಲ್ಟಿನ ಮೇಲೆ ಭಾರ ಜಾಸ್ತಿ. ಸರಪಳಿ ಇರುವುದೇ ಡೋರನ್ನು ಬಾಡಿಯ ನೆಲದ ಮಟ್ಟಕ್ಕೆ ಹಿಡಿದಿಡಲು, ಅದನ್ನು ಬಿಚ್ಚದೆ ಬಳಸಿ. ಬಿಚ್ಚಲೇಬೇಕಾದ ದಿನಕ್ಕೆ ಡೋರ್ ತಾಗುವ ಕಡೆ ಹಳೇ ಟ್ಯೂಬಿನ ತುಂಡು ಕಟ್ಟಿಕೊಳ್ಳಿ.

ಬಿಗಿಯುವ ಕ್ರಮ: ಎಲ್ಲ ಬೋಲ್ಟನ್ನೂ ಸಡಿಲವಾಗಿ ಹಾಕಿ, ಬಂಪರ್ ಕೆಳಗೆ ಹಲಗೆ ಇಟ್ಟು ಎರಡು ಜಾಕಿಯಲ್ಲಿ ಮಟ್ಟ ಮಾಡಿ. ಚಾಸಿ ಕಡೆಯದು ಮೊದಲು, ಆಸರೆ ಪಟ್ಟಿ ಆಮೇಲೆ, ಬಂಪರ್ ಮುಖದ್ದು ಕೊನೆಗೆ. ಬ್ರ್ಯಾಕೆಟ್ಟಿಗೂ ಚಾಸಿಗೂ ನಡುವೆ ಬರುವ ಮೈಗೆ ರೆಡ್ ಆಕ್ಸೈಡ್ ಹೊಡೆದು ಒಣಗಿದ ಮೇಲೆ ಜೋಡಿಸಿ. ಸ್ವಲ್ಪ ದಿನ ಓಡಿಸಿದ ಮೇಲೆ ಎಲ್ಲವನ್ನೂ ಇನ್ನೊಮ್ಮೆ ಬಿಗಿಯಿರಿ, ಹೊಸ ಮರದ ಪ್ಯಾಕಿಂಗ್ ಒತ್ತಿಕೊಳ್ಳುವುದರಿಂದ ಬಾಡಿ ಬೋಲ್ಟು ಸಡಿಲ ಆಗಿಯೇ ಆಗುತ್ತದೆ.

ಆಳುಗಳಿಗೂ ಹೇಳಿಡಿ, ಆ ಬಂಪರ್ ಮೆಟ್ಟಿಲಲ್ಲ, ಅದರ ಮೇಲೆ ನಿಂತು ಮೂಟೆ ಹೇರಬಾರದು. ಎಳೆಯುವುದಕ್ಕೆ ಕೊಕ್ಕೆ ಬೇಕಿದ್ದರೆ ಬಂಪರಿಗೂ ಬೇಡ, ಚಾಸಿ ತುದಿಗೂ ಬೇಡ, ಹಿಂದಿನ ಅಡ್ಡ ತೊಲೆಯ ನಡುವೆ ಎರಡೂ ಕಡೆ ದಪ್ಪ ಪ್ಲೇಟ್ ಕೊಟ್ಟು ಹಾಕಿಸಿ. ಅದರ ಅಳತೆ ಬೇಕಾದರೆ ತೊಲೆಯ ಫೋಟೋ ಹಾಕಿ, ನೋಡಿ ಹೇಳುತ್ತೇನೆ.