ಓಪನ್‌ವಿಎಂಎಸ್ ಮನೆಯಲ್ಲಿ ಓಡಿಸಲು ಲೈಸೆನ್ಸ್ ಸಿಗುತ್ತಾ?

ಪ್ರಶ್ನೆ (ಹಾಸನ): ಸಾರ್, ನಮ್ಮ ಮಾವ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ವ್ಯಾಕ್ಸ್ ಎಂಬ ಹಳೆ ಕಂಪ್ಯೂಟರ್ ಮೇಲೆ ಫೋರ್ಟ್ರಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದರು. ರಿಟೈರ್ ಆಗಿ ಈಗ ನಮ್ಮ ಜೊತೆಗೇ ಇದ್ದಾರೆ. ಅವರಿಗೆ ಆ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಆದ ವಿಎಂಎಸ್ (ಈಗಿನ ಹೆಸರು ಓಪನ್‌ವಿಎಂಎಸ್) ಮತ್ತೆ ಓಡಿಸಿ ತೋರಿಸಬೇಕು ಅಂತ ಆಸೆ. ಹವ್ಯಾಸಿಗಳಿಗೆ ಉಚಿತ ಲೈಸೆನ್ಸ್ ಇತ್ತಂತೆ, ಆಮೇಲೆ ನಿಂತುಹೋಯಿತಂತೆ. ಈಗ ಏನಾದರೂ ದಾರಿ ಇದೆಯಾ?

ಉತ್ತರ (ಸಿಸ್ಟಂ ಅಡ್ಮಿನ್): ಇದೆ. ಆದರೆ ಮಾವ ಕಂಡ ವ್ಯಾಕ್ಸ್‌ನಲ್ಲಿ ಅಲ್ಲ.

ನೀವು ಓದಿದ್ದು ಓಪನ್‌ವಿಎಂಎಸ್ ಹಕ್ಕು ಇರುವ ಎಚ್‌ಪಿಇ ಕಂಪನಿಯ ಹವ್ಯಾಸಿ ಯೋಜನೆ ಬಗ್ಗೆ. ಅದು 2020ರಲ್ಲಿ ಮುಚ್ಚಿತು. ಕೊನೆಗೆ ಕೊಟ್ಟ ಲೈಸೆನ್ಸ್‌ಗಳ ಅವಧಿ 2021ರ ಕೊನೆಗೆ ಮುಗಿಯಿತು. 2014ರಿಂದ ಓಪನ್‌ವಿಎಂಎಸ್ ಬೆಳೆಸುತ್ತಿರುವುದು ವಿಎಂಎಸ್ ಸಾಫ್ಟ್‌ವೇರ್ ಎಂಬ ಅಮೆರಿಕದ ಸಣ್ಣ ಕಂಪನಿ. ಅವರಿಗೆ ವ್ಯಾಕ್ಸ್ ಆವೃತ್ತಿಯ ಹಕ್ಕು ಇಲ್ಲ. ಸಿಮ್‌ಎಚ್ ಎಂಬ ಎಮ್ಯುಲೇಟರ್ (ಒಂದು ಯಂತ್ರ ಇನ್ನೊಂದರಂತೆ ನಡೆಯುವಂತೆ ಮಾಡುವ ತಂತ್ರಾಂಶ) ವ್ಯಾಕ್ಸ್ ಯಂತ್ರವನ್ನೇನೋ ಚೆನ್ನಾಗಿ ಅನುಕರಿಸುತ್ತದೆ, ಆದರೆ ಅದರ ಮೇಲೆ ಓಡಿಸಲು ಹೊಸ ಹವ್ಯಾಸಿ ಲೈಸೆನ್ಸ್ ಕೊಡುವವರು ಯಾರೂ ಇಲ್ಲ. ಕಳ್ಳ ಕೀ ಹುಡುಕಬೇಡಿ ದಯವಿಟ್ಟು.

ಉಳಿದಿರುವುದು ಎಕ್ಸ್86 ಆವೃತ್ತಿ, ಅಂದರೆ ಈಗಿನ ಸಾಮಾನ್ಯ ಪಿಸಿ, ಸರ್ವರ್‌ಗಳ ಚಿಪ್‌ನಲ್ಲಿ ಓಡುವುದು. 2024ರ ಮಾರ್ಚ್‌ನಲ್ಲಿ ಕಂಪನಿ ನಿಯಮ ಬದಲಿಸಿತು. ಆಲ್ಫಾ, ಇಟೇನಿಯಂ ಎಂಬ ಹಳೆ ಚಿಪ್‌ಗಳ ಯಂತ್ರಗಳಿಗೆ ಹೊಸ ಉಚಿತ ಲೈಸೆನ್ಸ್ ನಿಲ್ಲಿಸಿ, ಎಕ್ಸ್86ಗೆ ಮೊದಲೇ ಇನ್‌ಸ್ಟಾಲ್ ಮಾಡಿದ ಒಂದು ಡಿಸ್ಕ್ ಇಮೇಜ್ (ಇಡೀ ಡಿಸ್ಕ್ ಒಂದೇ ಫೈಲ್‌ನಲ್ಲಿ) ಕೊಡತೊಡಗಿತು. ಲೈಸೆನ್ಸ್ ಅದರೊಳಗೇ ಇರುತ್ತದೆ, ಒಂದು ವರ್ಷದ್ದು. ಹವ್ಯಾಸಿಗಳು ತಂತ್ರಾಂಶ ಬರೆದುಕೊಟ್ಟು, ಒಬ್ಬರಿಗೊಬ್ಬರು ನೆರವಾಗಿ ಬೆಂಬಲಿಸುತ್ತಾರೆ ಅಂದುಕೊಂಡಿದ್ದೆವು, ಅಷ್ಟು ಆಗಲಿಲ್ಲ ಅನ್ನುವುದು ಅವರು ಕೊಟ್ಟ ಕಾರಣ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಹಳೆ ಆಲ್ಫಾ ಯಂತ್ರವನ್ನು ಜೋಪಾನ ಮಾಡಿ ಇಟ್ಟುಕೊಂಡವರಿಗೆ ಬಾಗಿಲು ಮುಚ್ಚಿದ್ದು ಸರಿಯಲ್ಲ. ಈ ಸಿಸ್ಟಂ ಅನ್ನು ಪ್ರೀತಿಯಿಂದ ಕಲಿಯುವವರು ಅವರೇ ಅಲ್ವಾ?

ಇಮೇಜನ್ನು ವರ್ಚುವಲ್‌ಬಾಕ್ಸ್ ಅಥವಾ ಕೆವಿಎಂನಲ್ಲಿ (ಕಂಪ್ಯೂಟರಿನೊಳಗೆ ಇನ್ನೊಂದು ವರ್ಚುವಲ್ ಯಂತ್ರ ಓಡಿಸುವ ತಂತ್ರಾಂಶಗಳು) ಹಾಕಿ. ಅದರ ಸೆಟ್ಟಿಂಗ್‌ನಲ್ಲಿ ಯುಇಎಫ್‌ಐ ಬೂಟ್ (ಯಂತ್ರ ಶುರುವಾಗುವ ಹೊಸ ವಿಧಾನ) ಆನ್ ಮಾಡಿ, 8 ಜಿಬಿ ಮೆಮೊರಿ ಕೊಡಿ. ಬೂಟ್ ಆದ ಮೇಲೆ ವಿಂಡೋದಲ್ಲಿ ಏನೂ ಕಾಣದಿದ್ದರೆ ಗಾಬರಿ ಬೇಡ. ಮುಂದಿನ ಮಾತುಕತೆ ಎಲ್ಲ ಸೀರಿಯಲ್ ಪೋರ್ಟ್‌ನಲ್ಲಿ, ಪುಟ್ಟಿ ಎಂಬ ಟರ್ಮಿನಲ್ ತಂತ್ರಾಂಶ ಜೋಡಿಸಿ ನೋಡಬೇಕು.

ಪ್ರಶ್ನೆ (ಸಕಲೇಶಪುರ): ವರ್ಷ ಮುಗಿದ ಮೇಲೆ ಏನಾಗುತ್ತೆ ಸಾರ್? ಎಲ್ಲ ಅಳಿಸಿಹೋಗುತ್ತಾ? ನಮ್ಮ ಕಾಫಿ ತೋಟದ ಆಳುಗಳ ಕೂಲಿ ಲೆಕ್ಕ ಇದರಲ್ಲಿ ಇಡೋಣ ಅಂತಿದ್ದೆ.

ಉತ್ತರ: ಕೂಲಿ ಲೆಕ್ಕ ಬೇಡ. ಉಚಿತ ಲೈಸೆನ್ಸ್ ವ್ಯಾಪಾರದ ಬಳಕೆಗೆ ಅಲ್ಲ, ತೋಟದ ಲೆಕ್ಕ ವ್ಯಾಪಾರದ್ದೇ.

ಫೈಲ್‌ಗಳು ಅಳಿಸುವುದಿಲ್ಲ. ಸಿಸ್ಟಂ ಬೂಟ್ ಕೂಡ ಆಗುತ್ತದೆ. ಆದರೆ ಮುಖ್ಯ ಲೈಸೆನ್ಸ್ ಮುಗಿದರೆ ಕನ್ಸೋಲ್‌ನಿಂದ (ಆ ಸೀರಿಯಲ್ ಪೋರ್ಟ್‌ನಿಂದ) ಮಾತ್ರ ಲಾಗಿನ್, ನೆಟ್‌ವರ್ಕ್‌ನಿಂದ ಬಂದವರಿಗೆ ಪ್ರವೇಶ ಇಲ್ಲ. ಲೈಸೆನ್ಸ್ ಕೇಳುವ ಕಂಪೈಲರ್‌ಗಳೂ (ಬರೆದ ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ) ಓಡುವುದಿಲ್ಲ. ಅದಕ್ಕೇ ನಿಮ್ಮ ಕೆಲಸವನ್ನು ಸಿಸ್ಟಂ ಡಿಸ್ಕ್‌ನಲ್ಲಿ ಇಡಲೇಬೇಡಿ. ಇನ್ನೊಂದು ವರ್ಚುವಲ್ ಡಿಸ್ಕ್ ಜೋಡಿಸಿ ಅಲ್ಲಿಡಿ. ಹೊಸ ಇಮೇಜ್ ಬಂದಾಗ ಆ ಡಿಸ್ಕನ್ನು ಕಿತ್ತು ಅದಕ್ಕೆ ಹಾಕಿದರಾಯಿತು. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟ್ ಜಾಸ್ತಿ ಹೋಗುತ್ತೆ, ಯುಪಿಎಸ್ ಇಲ್ಲದೆ ಕೂರಬೇಡಿ.

ಪ್ರಶ್ನೆ (ಹಾಸನ, ಇಂಜಿನಿಯರಿಂಗ್ ವಿದ್ಯಾರ್ಥಿನಿ): ಸಾರ್, ಇದಕ್ಕೆ ಭವಿಷ್ಯ ಇದೆಯಾ? ಕಲಿತರೆ ಕೆಲಸ ಸಿಗುತ್ತಾ?

ಉತ್ತರ: ಹೊಸ ಕಂಪನಿಗಳು ಇದನ್ನು ಆರಿಸಿಕೊಳ್ಳುತ್ತವೆ ಅಂತ ನಾನು ಹೇಳುವುದಿಲ್ಲಮ್ಮ. ಆದರೆ ಈಗಾಗಲೇ ಇದರ ಮೇಲೆ ನಿಂತಿರುವ ಕೆಲಸ ದೊಡ್ಡದು. ನಮ್ಮ ರೈಲ್ವೆ ಟಿಕೆಟ್ ರಿಸರ್ವೇಷನ್‌ನ ಕನ್ಸರ್ಟ್ ತಂತ್ರಾಂಶ ವರ್ಷಗಟ್ಟಲೆ ಓಡಿದ್ದು ಓಪನ್‌ವಿಎಂಎಸ್ ಮೇಲೆಯೇ. ಇಂಟೆಲ್ 2021ರಲ್ಲಿ ಇಟೇನಿಯಂ ಚಿಪ್ ಕಳಿಸುವುದನ್ನು ನಿಲ್ಲಿಸಿತು. 2022ರಲ್ಲಿ ಎಕ್ಸ್86ಗೆ 9.2 ಆವೃತ್ತಿ ಬರದಿದ್ದರೆ ಇಂಥ ಗ್ರಾಹಕರೆಲ್ಲ ಹಳೆ ಯಂತ್ರದಲ್ಲೇ ಸಿಕ್ಕಿಹಾಕಿಕೊಳ್ಳುತ್ತಿದ್ದರು. ಈಗ ಸಾಮಾನ್ಯ ಸರ್ವರ್‌ನಲ್ಲಿ, ವರ್ಚುವಲ್ ಯಂತ್ರದೊಳಗೆ ಓಡುತ್ತದೆ. ಅದೇ ಅದರ ಉಸಿರು ಉಳಿಸಿದ್ದು.

ನನ್ನ ಚಿಂತೆ ಬೇರೆ. ಇದನ್ನು ಬಲ್ಲವರು ಒಬ್ಬೊಬ್ಬರಾಗಿ ರಿಟೈರ್ ಆಗುತ್ತಿದ್ದಾರೆ. ಹೊಸಬರು ಮನೆಯಲ್ಲೇ ಕಲಿಯುವ ದಾರಿ ಕಿರಿದಾದರೆ ನಾಳೆ ಇದನ್ನು ನೋಡಿಕೊಳ್ಳುವವರು ಎಲ್ಲಿಂದ ಬರಬೇಕು? ನೀವು ಲಿನಕ್ಸ್ ಮೊದಲು ಕಲಿಯಿರಿ, ಜೊತೆಗೆ ಇದನ್ನೂ ಕಲಿಯಿರಿ. ಹಲವು ಯಂತ್ರಗಳು ಒಂದೇ ಡಿಸ್ಕ್ ಹಂಚಿಕೊಂಡು ದುಡಿಯುವ ಕ್ಲಸ್ಟರ್ ವ್ಯವಸ್ಥೆ ಇದರಲ್ಲಿ 1980ರ ದಶಕದಲ್ಲೇ ಇತ್ತು. ಅದನ್ನು ಓದಿದರೆ ಇಂದಿನ ಕ್ಲೌಡ್ ಕೂಡ ಚೆನ್ನಾಗಿ ಅರ್ಥವಾಗುತ್ತದೆ.

ಪ್ರಶ್ನೆ (ಮೊದಲನೆಯವರು): ಮಾವನ ಹತ್ತಿರ ಹಳೆ ಪ್ರೋಗ್ರಾಂನ ಪ್ರಿಂಟ್‌ಔಟ್ ಇದೆ. ಟೈಪ್ ಮಾಡಿ ಹಾಕಿದರೆ ಓಡುತ್ತಾ?

ಉತ್ತರ: ಬಹುಪಾಲು ಓಡುತ್ತದೆ. ಫೋರ್ಟ್ರಾನ್ 77ರ ಕೋಡನ್ನು ಈಗಿನ ಕಂಪೈಲರ್ ಒಪ್ಪುತ್ತದೆ. ಟೇಪ್‌ನಿಂದ ತೆಗೆದ ಹಳೆ ಬೈನರಿ ಡೇಟಾ ಫೈಲ್ ಏನಾದರೂ ಇದ್ದರೆ ಮಾತ್ರ ಹುಷಾರು. ವ್ಯಾಕ್ಸ್ ದಶಮಾಂಶ ಸಂಖ್ಯೆಗಳನ್ನು ಬರೆದಿಡುವ ರೀತಿಯೇ ಬೇರೆ. ಹಾಗೇ ಓದಿದರೆ ಅರ್ಥವಿಲ್ಲದ ಅಂಕಿ ಬರುತ್ತವೆ. ಪ್ರೋಗ್ರಾಂನಲ್ಲಿ ಫೈಲ್ ತೆರೆಯುವ ಓಪನ್ (OPEN) ಹೇಳಿಕೆಯಲ್ಲಿ ಕನ್ವರ್ಟ್ (CONVERT) ಆಯ್ಕೆ ಕೊಟ್ಟು ಓದಿಸಿ. ಮೂಲ ಫೈಲ್‌ನಲ್ಲಿ ಸಂಖ್ಯೆಗಳನ್ನು ಬರೆದ ವಿಧ ಯಾವುದು, ಡಿ-ಫ್ಲೋಟೋ ಜಿ-ಫ್ಲೋಟೋ ಅಂತ ಮಾವನನ್ನೇ ಕೇಳಿ, ಅವರಿಗೆ ಗೊತ್ತಿರುತ್ತದೆ.