ಗುಜರಿಯ ತೋಪಡ, ಉಳಿ, ಗರಗಸ: ಗುರುತು ಹಿಡಿಯುವುದು ಹೇಗೆ?

ಈ ವಾರದ ಪ್ರಶ್ನೋತ್ತರ ಹಳೆಯ ಕೈ ಉಪಕರಣಗಳ ಬಗ್ಗೆ. ಉತ್ತರಿಸುತ್ತಿರುವವರು ಹಳೆ ಪೀಠೋಪಕರಣಗಳ ದುರಸ್ತಿ ಮಾಡುವ ವೃತ್ತಿಯ ಮರಗೆಲಸದವರು. ಗುಜರಿಯಿಂದ ಆರಿಸಿ ತಂದ ಉಪಕರಣಗಳಲ್ಲೇ ದಿನದ ಕೆಲಸ ಮಾಡುವವರು. – ಅಡ್ಮಿನ್

ಪ್ರಶ್ನೆ (ಬೆಂಗಳೂರು): ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಲ್ಲಿ ಕಬ್ಬಿಣದ ತೋಪಡ (ಮರ ಹೆರೆದು ನಯಮಾಡುವ ಉಪಕರಣ) ಒಂದು ಸಿಕ್ಕಿತು. ಮೈತುಂಬ ತುಕ್ಕು. ‘ನಂ. 4’ ಅಂತ ಎರಕದಲ್ಲೇ ಮೂಡಿದೆ. ಮಾರಿದವರು ‘ಸ್ಟಾನ್ಲಿ, ನೂರು ವರ್ಷದ್ದು’ ಅಂದರು. ನಾಳೆ ಗ್ರೈಂಡರಿಗೆ ವೈರ್ ಬ್ರಶ್ ಹಾಕಿ ಉಜ್ಜೋಣ ಅಂತಿದ್ದೇನೆ. ನಿಜಕ್ಕೂ ಸ್ಟಾನ್ಲಿನಾ?

ಉತ್ತರ: ಮೊದಲು ಆ ಗ್ರೈಂಡರ್ ಪಕ್ಕಕ್ಕಿಡಿ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದೇ ತುಕ್ಕಿನ ಕೆಳಗೆ. ವೈರ್ ಬ್ರಶ್ ತುಕ್ಕಿನ ಜೊತೆಗೆ ಅಲಗಿನ ಮೇಲಿನ ತೆಳುವಾದ ಠಸ್ಸೆಯನ್ನೂ ಎರಕದ ಮೇಲಿನ ಹಳೆಯ ಕರಿ ಲೇಪವನ್ನೂ ಎತ್ತಿಕೊಂಡು ಹೋಗುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ಮಣ್ಣು, ಜಿಡ್ಡು ತೆಗೆಯಿರಿ. ಆಮೇಲೆ ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಅಡ್ಡಡ್ಡ ಹಿಡಿದು ನೋಡಿ. ನೇರ ಬೆಳಕಿನಲ್ಲಿ ಕಾಣದ ಅಕ್ಷರಗಳು ಆ ಓರೆ ಬೆಳಕಿನಲ್ಲಿ ಎದ್ದು ಬರುತ್ತವೆ. ಅವನ್ನು ಓದಿ, ಫೋಟೊ ತೆಗೆದು ಇಟ್ಟುಕೊಂಡ ಮೇಲೆ ಮುಂದಿನ ಕೆಲಸ.

‘4’ ಎಂಬ ಅಂಕಿಯಿಂದ ಏನೂ ಸಾಬೀತಾಗುವುದಿಲ್ಲ. ಅದು ಸುಮಾರು ಒಂಬತ್ತೂವರೆ ಇಂಚು ಉದ್ದ, ಎರಡಿಂಚು ಅಲಗಿನ ತೋಪಡದ ಅಳತೆ, ಅಷ್ಟೇ. ಅಮೆರಿಕದ ಸ್ಟಾನ್ಲಿ ಕಂಪನಿ ಶುರುಮಾಡಿದ ಈ ಅಂಕಿಗಳನ್ನು ಎಲ್ಲರೂ ಎತ್ತಿಕೊಂಡರು. ಇಂಗ್ಲೆಂಡಿನ ಶೆಫೀಲ್ಡ್ ಊರಿನ ರೆಕಾರ್ಡ್ ಕಂಪನಿಯವರು ಮುಂದೊಂದು ಸೊನ್ನೆ ಸೇರಿಸಿ 04, 05 ಅಂತ ಮಾಡಿದರು. ನಮ್ಮ ದೇಶದ ಅನಂತ್ ತೋಪಡಗಳೂ ಇದೇ ವಿನ್ಯಾಸದವು.

ಈಗ ಅಲಗು ಬಿಚ್ಚಿ. ಅಲಗು ಒರಗುವ ಇಳಿಜಾರಿನ ತುಂಡಿಗೆ ‘ಫ್ರಾಗ್’ ಎನ್ನುತ್ತೇವೆ. ಅದರ ಹಿಂದೆ, ಹಾಸಿನ (ತೋಪಡದ ತಳದ ಒಡಲಿನ) ಎರಕದಲ್ಲಿ ಏನಿದೆ ನೋಡಿ. ಲಿಯೊನಾರ್ಡ್ ಬೈಲಿ ಎಂಬಾತನ ಪೇಟೆಂಟ್‌ಗಳನ್ನು ಸ್ಟಾನ್ಲಿ 1869ರಲ್ಲಿ ಕೊಂಡುಕೊಂಡಿತು. ಮುಂದೆ ಸೇರಿದ ಪೇಟೆಂಟ್‌ಗಳ ತಾರೀಖುಗಳನ್ನು ಅಮೆರಿಕದ ಕಾರ್ಖಾನೆ ಎರಕದಲ್ಲೇ ಮೂಡಿಸುತ್ತಿತ್ತು. ಮೂರು ತಾರೀಖು ಇದ್ದರೆ (1902ರ ಎರಡು, 1910ರ ಒಂದು) ಸರಿಸುಮಾರು 1910ರಿಂದ 1918ರ ನಡುವಿನ ಮಾಲು. 1910ರದ್ದೊಂದೇ ಇದ್ದರೆ 1918ರ ನಂತರದ ಕೆಲವು ವರ್ಷಗಳದ್ದು. ಅಲಗನ್ನು ಒತ್ತಿ ಹಿಡಿಯುವ ಲಿವರ್ ಕ್ಯಾಪಿನ ತೂತು ಕೀಲಿರಂಧ್ರದಂತೆ ಇದೆಯೋ ಮೂತ್ರಪಿಂಡದ ಆಕಾರದಲ್ಲಿದೆಯೋ ಗಮನಿಸಿ. ಎರಡನೆಯದು 1933ರ ಈಚಿನದು. ‘ಮೇಡ್ ಇನ್ ಇಂಗ್ಲೆಂಡ್’ ಎಂದಿದ್ದರೆ ಈ ಅಮೆರಿಕನ್ ಲೆಕ್ಕ ಬಿಟ್ಟುಬಿಡಿ. ಸ್ಟಾನ್ಲಿ ಶೆಫೀಲ್ಡಿಗೆ ಕಾಲಿಟ್ಟದ್ದು 1937ರಲ್ಲಿ, ಹಾಗಾಗಿ ನಿಮ್ಮದು ಅದರ ನಂತರದ್ದೇ. ಇಲ್ಲಿನ ಗುಜರಿಗಳಲ್ಲಿ ನನ್ನ ಕೈಗೆ ಹೆಚ್ಚಾಗಿ ಬಂದಿರುವುದು ಇಂಗ್ಲೆಂಡಿನವೇ.

ಅದೇ ಸದಸ್ಯರು: ಟಾರ್ಚ್ ಉಪಾಯ ಫಲಿಸಿತು! ಮುಂದುಗಡೆ ‘ಬೈಲಿ’, ಹಿಂದೆ ‘ಮೇಡ್ ಇನ್ ಇಂಗ್ಲೆಂಡ್’. ಆದರೆ ಲಿವರ್ ಕ್ಯಾಪ್ ಮೇಲೆ ‘ರೆಕಾರ್ಡ್’ ಎಂದಿದೆ. ಹಿಂದಿನ ಹಿಡಿಯ ಸ್ಕ್ರೂ ಇಲ್ಲ. ತುಕ್ಕು ಹೇಗೆ ತೆಗೆಯಲಿ?

ಉತ್ತರ: ‘ಬೈಲಿ’ ಎಂದಿರುವ ಹಾಸು ಸ್ಟಾನ್ಲಿ, ಕ್ಯಾಪ್ ರೆಕಾರ್ಡ್. ಕೆಲಸ ಮಾಡುವವರು ಬಿಡಿಭಾಗಗಳನ್ನು ಅದಲುಬದಲು ಮಾಡುತ್ತಲೇ ಬಂದಿದ್ದಾರೆ, ಅದು ಮೋಸವಲ್ಲ. ಆದ್ದರಿಂದಲೇ ಅಲಗಿನ ಮೇಲಿನ ಗುರುತು ನೋಡಿ ಹಾಸಿನ ವಯಸ್ಸು ಹೇಳಬಾರದು. ಹಾಸಿನ ಎರಕವೇ ಮುಖ್ಯ ಸಾಕ್ಷಿ.

ಸ್ಕ್ರೂ ವಿಷಯದಲ್ಲಿ ಹುಷಾರು. ಸ್ಟಾನ್ಲಿ ಹಿಡಿಗಳ ಥ್ರೆಡ್ 12 ಗೇಜ್, ಇಂಚಿಗೆ 20 ಸುತ್ತು. ಹಾರ್ಡ್‌ವೇರ್ ಅಂಗಡಿಯ ಎಂ6 ಬೋಲ್ಟನ್ನು ಬಲವಂತವಾಗಿ ತಿರುಗಿಸಿದರೆ ಎರಕದೊಳಗಿನ ಥ್ರೆಡ್ಡೇ ಹೋಗುತ್ತದೆ. ಹಾಳಾದ ಇನ್ನೊಂದು ತೋಪಡ ಅಗ್ಗಕ್ಕೆ ಸಿಕ್ಕರೆ ಅದರ ಸ್ಕ್ರೂ ತೆಗೆದು ಹಾಕಿ.

ತುಕ್ಕಿಗೆ ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಸಾಕು. ಹುಣಸೆನೀರೂ ಕೆಲಸ ಮಾಡುತ್ತದೆ, ನಿಧಾನ ಅಷ್ಟೇ. ಮುಳುಗಿಸಿ ಮರೆತುಬಿಡಬೇಡಿ, ಆಗಾಗ ತೆಗೆದು ನೋಡಿ. ಹೆಚ್ಚು ಹೊತ್ತು ಬಿಟ್ಟರೆ ಆಮ್ಲ ಒಳ್ಳೆ ಲೋಹವನ್ನೂ ತಿನ್ನುತ್ತದೆ. ಆಮೇಲೆ ವಾಷಿಂಗ್ ಸೋಡಾ ನೀರಿನಲ್ಲಿ ತೊಳೆದು, ಬಿಸಿಲಿಗಿಟ್ಟು ಒಣಗಿಸಿ, ತಕ್ಷಣ ಎಣ್ಣೆ ಸವರಿ. ಮರದ ಹಿಡಿ ಮತ್ತು ಹಿತ್ತಾಳೆಯ ತಿರುಗಣಿಯನ್ನು ಇದರಲ್ಲಿ ಹಾಕಲೇಬೇಡಿ.

ಪ್ರಶ್ನೆ (ಹುಬ್ಬಳ್ಳಿ): ಸರ್, ಇಲ್ಲಿ ಗುಜರಿ ಅಂಗಡ್ಯಾಗ ಮೂರು ಉಳಿ ಸಿಕ್ಕಾವ. ಒಂದರ ಮ್ಯಾಲೆ ‘ಎಂ ಅಂಡ್ ಎಸ್‌ಎಂ ಆರ್’ ಅಂತ ಠಸ್ಸೆ ಐತಿ. ಈ ಹೆಸರಿನ ಕಂಪನಿ ಎಲ್ಲೂ ಸಿಗವಲ್ದು. ಇನ್ನೊಂದರ ಮ್ಯಾಲೆ ‘ಕಾಸ್ಟ್ ಸ್ಟೀಲ್’ ಅಂತೈತಿ. ಎರಕದ್ದಂದ್ರ ಹೊಡೆದ್ರ ಒಡೀತದೇನ್ರಿ?

ಉತ್ತರ: ಇವತ್ತಿನ ಪ್ರಶ್ನೆಗಳಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟದ್ದು ಇದು. ಮೊದಲನೆಯದು ತಯಾರಕರ ಹೆಸರಲ್ಲ, ಒಡೆಯರ ಹೆಸರು: ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ. ನಿಮ್ಮೂರಿನ ವರ್ಕ್‌ಶಾಪ್ ಅದರದ್ದೇ ಆಗಿತ್ತು. ಆ ಕಂಪನಿ ಹುಟ್ಟಿದ್ದು 1908ರಲ್ಲಿ. 1951ರಲ್ಲಿ ದಕ್ಷಿಣ ರೈಲ್ವೆಯೊಳಗೆ ಸೇರಿಹೋಯಿತು. ಹಾಗಾಗಿ ಆ ಠಸ್ಸೆ ಬಿದ್ದದ್ದು ಹೆಚ್ಚುಕಡಿಮೆ ಈ ನಡುವೆ. ಉಳಿ ಅದಕ್ಕಿಂತ ಹಳೆಯದೂ ಇರಬಹುದು. ತಯಾರಕರ ಹೆಸರು ಹಿಡಿಯ ಹತ್ತಿರ, ಅಲಗು ಕುತ್ತಿಗೆಯಾಗುವ ಜಾಗದಲ್ಲಿ ಇರುತ್ತದೆ. ಅಲ್ಲಿ ಉಜ್ಜದೆ ನೋಡ್ರಿ. ದಯವಿಟ್ಟು ರೈಲ್ವೆ ಗುರುತನ್ನು ಅಳಿಸಬೇಡಿ. ಆ ಉಳಿ ಯಾವ ಊರಿನ ಯಾವ ಕೆಲಸದಲ್ಲಿ ಸವೆಯಿತು ಎಂದು ಹೇಳುವ ದಾಖಲೆ ಅದೊಂದೇ.

ಇಂಥದ್ದೇ ಇನ್ನೊಂದು ಒಡೆತನದ ಗುರುತು ಬಾಣದ ಮೊನೆ. ಅದು ಬ್ರಿಟಿಷ್ ಸರ್ಕಾರದ ಸೊತ್ತು ಎಂಬುದರ ಚಿಹ್ನೆ. ಎರಡನೇ ಮಹಾಯುದ್ಧದ ಕಾಲದ ಉಪಕರಣಗಳಲ್ಲಿ ಅದರ ಪಕ್ಕದಲ್ಲೇ ಇಸವಿ ಕೂಡ ಸಿಗುವುದುಂಟು.

‘ಕಾಸ್ಟ್ ಸ್ಟೀಲ್’ ಬಗ್ಗೆ ಭಯ ಬೇಡ. ಅದು ಬೀಡುಕಬ್ಬಿಣವಲ್ಲ, ಮೂಸೆಯಲ್ಲಿ ಕರಗಿಸಿದ ಉತ್ತಮ ಉಕ್ಕು. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಶೆಫೀಲ್ಡಿನಲ್ಲಿ ಶುರುಮಾಡಿದ ಪದ್ಧತಿ. ನಮ್ಮ ನಾಡಿಗೂ ಮೂಸೆಯ ಉಕ್ಕು ಹೊಸದೇನಲ್ಲ: 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಇಲ್ಲಿನವರು ಮಣ್ಣಿನ ಮೂಸೆಯಲ್ಲಿ ಉಕ್ಕು ಮಾಡುತ್ತಿದ್ದ ಬಗೆಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ನಿಮ್ಮ ಉಳಿಯ ಇಳಿಜಾರನ್ನು ಸಾಣೆಕಲ್ಲಿನ ಮೇಲೆ ಹದವಾಗಿ ಉಜ್ಜಿ ನೋಡಿ. ಹೊಳೆಯುವ ತೆಳು ಪದರ ಒಂದು, ಮಬ್ಬಾದ ದಪ್ಪ ಪದರ ಇನ್ನೊಂದು ಕಂಡರೆ, ಮೆದು ಕಬ್ಬಿಣಕ್ಕೆ ಉಕ್ಕಿನ ಬಾಯಿ ಬೆಸೆದ ಉಳಿ ಅದು. ಅದನ್ನು ಮಾರಬೇಡ್ರಿ, ಬಳಸ್ರಿ.

ಪ್ರಶ್ನೆ (ನ್ಯೂಜೆರ್ಸಿ): ಇಲ್ಲಿಯ ಎಸ್ಟೇಟ್ ಸೇಲಿನಲ್ಲಿ ಎರಡು ಗರಗಸ ತಂದೆ. ಒಂದರ ಹಿಡಿಯ ಹಿತ್ತಾಳೆ ಬಿಲ್ಲೆಯಲ್ಲಿ ‘ಡಿಸ್ಟನ್ ಅಂಡ್ ಸನ್ಸ್, ಫಿಲಾ’, ಇನ್ನೊಂದರಲ್ಲಿ ‘ವಾರಂಟೆಡ್ ಸುಪೀರಿಯರ್’. ಎರಡನೆಯದು ಉತ್ತಮ ಗುಣಮಟ್ಟದ್ದೇ?

ಉತ್ತರ: ‘ವಾರಂಟೆಡ್ ಸುಪೀರಿಯರ್’ ಬಿಲ್ಲೆಯನ್ನು ಹಲವು ಕಂಪನಿಗಳು ತಮ್ಮ ಹೆಸರು ಹಾಕದ ಗರಗಸಗಳಿಗೆ, ಸಾಮಾನ್ಯವಾಗಿ ಎರಡನೇ ದರ್ಜೆಯವಕ್ಕೆ ಬಳಸುತ್ತಿದ್ದವು. ಬಿಲ್ಲೆ ನೋಡಿ ತಯಾರಕರನ್ನು ಹೇಳಲಾಗದು.

ಡಿಸ್ಟನ್ ನಿಮ್ಮ ಪಕ್ಕದ ಫಿಲಡೆಲ್ಫಿಯಾದ್ದು, 1840ರಲ್ಲಿ ಶುರುವಾದದ್ದು. ‘ಸನ್ಸ್’ ಎಂಬ ಬಹುವಚನ ಬಂದದ್ದು 1871ರ ಹೊತ್ತಿಗೆ. 1955ರಲ್ಲಿ ಕಂಪನಿ ಬೇರೆಯವರ ಕೈಸೇರಿತು. ಅಕ್ಷರಗಳ ವಿನ್ಯಾಸ ಕಾಲಕ್ಕೆ ತಕ್ಕಂತೆ ಬದಲಾಗಿದೆ, ಅದಕ್ಕೆ ಬಿಲ್ಲೆಯ ಹತ್ತಿರದ ಫೋಟೊ ಬೇಕು. ಹಿಡಿಯ ಬಳಿ, ಹಲ್ಲಿನ ಸಾಲಿನ ಮೇಲೆ ಒತ್ತಿದ ಸಣ್ಣ ಅಂಕಿ ಇಂಚಿಗೆ ಎಷ್ಟು ಮೊನೆ ಎಂಬುದನ್ನು ಹೇಳುತ್ತದೆ. ಆದರೆ ಮುಂದೆ ಯಾರಾದರೂ ಹಲ್ಲು ಹೊಸದಾಗಿ ಕೊಯ್ದಿರಬಹುದು, ಎಣಿಸಿ ನೋಡಿ.

ಗರಗಸದ ತಗಡಿನ ಮೇಲೆ ಆಮ್ಲದಿಂದ ಕೊರೆದ ಚಿತ್ರಾಕ್ಷರ ಇರುತ್ತದೆ. ಇದನ್ನು ಆಮ್ಲದಲ್ಲಿ ನೆನೆಸಬೇಡಿ. ಚಪ್ಪಟೆ ಮರದ ತುಂಡಿಗೆ 400 ನಂಬರಿನ ವಾಟರ್ ಪೇಪರ್ ಸುತ್ತಿ, ಸೀಮೆಎಣ್ಣೆ ಹಚ್ಚಿ ಮೇಲ್ಮೇಲೆ ಉಜ್ಜಿ. ಬೆರಳಿನಿಂದ ಒತ್ತಿದರೆ ಕಾಗದ ಅಕ್ಷರದ ತಗ್ಗಿಗೂ ಇಳಿಯುತ್ತದೆ. ಮರದ ತುಂಡಾದರೆ ತಗ್ಗಿನ ಕಪ್ಪು ಹಾಗೇ ಉಳಿದು ಅಕ್ಷರ ಓದಿಸಿಕೊಳ್ಳುತ್ತದೆ.

ಪ್ರಶ್ನೆ (ಶಿವಮೊಗ್ಗ): ಹೆಸರಿಲ್ಲದ ಉಪಕರಣ ಕೊಳ್ಳಬಹುದೇ? ಎರಡು ನಿಮಿಷದಲ್ಲಿ ಏನು ನೋಡಬೇಕು?

ಉತ್ತರ: ಧಾರಾಳವಾಗಿ. ಹೆಸರಿಗಿಂತ ಉಕ್ಕು ಎಷ್ಟು ಉಳಿದಿದೆ ಎನ್ನುವುದು ಮುಖ್ಯ. ತೋಪಡದ ಅಲಗಿನ ಸೀಳಿಗೂ ಬಾಯಿಗೂ ನಡುವೆ ಒಂದಿಂಚಾದರೂ ಇರಲಿ. ಬಾಯಿ ನೀಲಿಗಟ್ಟಿದ್ದರೆ ಯಾರೋ ಗ್ರೈಂಡರಿನಲ್ಲಿ ಸುಟ್ಟಿದ್ದಾರೆ, ಅಲ್ಲಿ ಹದ ಇಳಿದುಹೋಗಿದೆ. ಎರಕದಲ್ಲಿ ಬಿರುಕಿದ್ದರೆ ಬಿಡಿ. ತೋಪಡದ ತಳದಲ್ಲಿ ಅಲಗು ಹೊರಬರುವ ಕಂಡಿಯ ಎರಡೂ ಮೂಲೆ ಮತ್ತು ಪಕ್ಕದ ಗೋಡೆಗಳಲ್ಲಿ ಹುಡುಕಿ. ಬಂಗಾರದ ಬಣ್ಣದ ಗೆರೆ ಕಂಡರೆ ಒಡೆದದ್ದನ್ನು ಹಿತ್ತಾಳೆಯಲ್ಲಿ ಬೆಸೆದಿದ್ದಾರೆ. ಹಿಡಿ ಮುರಿದಿದ್ದರೆ ಚಿಂತೆಯಿಲ್ಲ, ಮಲೆನಾಡಿನವರಿಗೆ ಬೀಟೆಯ ಚೂರಿಗೆ ಬರವೇ?

ಪ್ರಶ್ನೆ (ಮೈಸೂರು): ‘ರಬೋನ್, ಬರ್ಮಿಂಗ್‌ಹ್ಯಾಮ್’ ಎಂದಿರುವ ಮಡಚುವ ಅಳತೆಪಟ್ಟಿ. ಹಳದಿ ಬಣ್ಣ. ಆನೆದಂತದ್ದು ಎನ್ನುತ್ತಿದ್ದಾರೆ, ಬೆಲೆಯೂ ಜೋರು.

ಉತ್ತರ: ಬಹುಮಟ್ಟಿಗೆ ಅದು ಬಾಕ್ಸ್‌ವುಡ್ ಮರ. ಮಸೂರದಲ್ಲಿ ಮರದ ಎಳೆ, ಸಣ್ಣ ರಂಧ್ರ ಕಾಣುತ್ತದೆ. ‘ರಬೋನ್ ಚೆಸ್ಟರ್‌ಮನ್’ ಎಂದು ಜೋಡಿ ಹೆಸರಿದ್ದರೆ 1963ರ ನಂತರದ್ದು. ಮರವಾದರೆ ಮರದ ಬೆಲೆ ಕೊಟ್ಟು ತನ್ನಿ. ನಿಜಕ್ಕೂ ದಂತವಾದರೆ ಮುಟ್ಟಬೇಡಿ, ನಮ್ಮಲ್ಲಿ ಅದರ ಕೊಡುಕೊಳ್ಳುವಿಕೆ ಕಾನೂನುಬಾಹಿರ. ಕೀಲು ಸಡಿಲವಾಗಿದ್ದರೆ ಹಿತ್ತಾಳೆಯ ಪಿನ್ನನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಎರಡೇಟು ತಟ್ಟಿದರೆ ಬಿಗಿಯಾಗುತ್ತದೆ. ಅಂಕಿಗಳ ಮೇಲೆ ಮರಳು ಕಾಗದ ಆಡಿಸಬೇಡಿ.