ಸೀನ್ ಹೆಡಿಂಗ್ ಬರ್ತಾನೇ ಇಲ್ಲ, ಟೈಮ್‌ಲೈನ್ ಪೂರ್ತಿ ಕಲಸಿಹೋಗಿದೆ

ಒಗ್ಗರಣೆ_ಸೀನ್:
ಮೂರು ದಿನದಿಂದ ತಲೆ ಕೆಟ್ಟಿದೆ. ಫೌಂಟನ್‌ನಲ್ಲಿ (ಸಾದಾ ಪಠ್ಯದಲ್ಲಿ ಚಿತ್ರಕಥೆ ಬರೆಯುವ ವಿಧಾನ) ಬರೆದದ್ದನ್ನು ಪಿಡಿಎಫ್ ಮಾಡಿದರೆ ಎಲ್ಲ ಒಂದೇ ಮುದ್ದೆ. ಡೈಲಾಗ್ ಮಧ್ಯಕ್ಕೆ ಬರುತ್ತಿಲ್ಲ. ಸೀನ್ ಪಟ್ಟಿ ಖಾಲಿ. ಕಥೆ 1998ಕ್ಕೂ 2019ಕ್ಕೂ ಓಡಾಡುತ್ತದೆ. ಪಟ್ಟಿ ಇಲ್ಲದೆ ಯಾವ ಸೀನ್ ಯಾವ ವರ್ಷದ್ದು ಅಂತ ನನಗೇ ಗೊತ್ತಾಗುತ್ತಿಲ್ಲ. ಒಟ್ಟು 96 ಪುಟ. ಸೋಮವಾರ ನಿರ್ಮಾಪಕರಿಗೆ ಕೊಡಬೇಕು.

ಕೊರಿಯರ್12:
ಫಾಂಟ್ ನೋಡಿ. ಕೊರಿಯರ್ 12 ಪಾಯಿಂಟ್ ತಾನೇ?

ಒಗ್ಗರಣೆ_ಸೀನ್:
ಹೌದು.

ಕೊರಿಯರ್12:
ಹಾಗಾದರೆ ಕೊರಿಯರ್ ಪ್ರೈಮ್ ಹಾಕಿ. ಇಂಥದ್ದೆಲ್ಲ ಫಾಂಟ್ ಕಾಟವೇ.

ಒಗ್ಗರಣೆ_ಸೀನ್:
ಹಾಕಿದೆ. ಅದೇ ಮುದ್ದೆ.

ಕೊರಿಯರ್12:
ಆಪ್ ತೆಗೆದು ಮತ್ತೆ ಹಾಕಿ. ಫಾಂಟ್ ಸರಿಯಾಗಿ ಕೂತಿರುವುದಿಲ್ಲ.

ಹಳೇ_ಅಸೋಸಿಯೇಟ್:
ಆಪ್‌ಗಳ ಸಹವಾಸವೇ ಬೇಡ ಮಾರಾಯ್ರೆ. ಎಡಕ್ಕೆ ಆಕ್ಷನ್, ಬಲಕ್ಕೆ ಡೈಲಾಗ್, ಮುಗೀತು. ನಾನು ಗೋಡೆ ತುಂಬ ಕಾರ್ಡ್ ಅಂಟಿಸುತ್ತೇನೆ. ಹಳದಿ ಫ್ಲ್ಯಾಶ್‌ಬ್ಯಾಕ್, ಬಿಳಿ ಈಗಿನದು. ಫೋಟೊ ಹಾಕಲಾ?

ಸೀನ್_ಸೀನ:
ಫೋಟೊ ಆಮೇಲೆ ಸರ್. ಒಗ್ಗರಣೆಯವರೇ, ಒಂದು ಸೀನ್ ಇಲ್ಲಿ ಪೇಸ್ಟ್ ಮಾಡಿ.

ಒಗ್ಗರಣೆ_ಸೀನ್:
ಒಳಾಂಗಣ. ಅಜ್ಜನ ಮನೆ - ರಾತ್ರಿ

ಸುಬ್ಬಣ್ಣ
ಬಾಗಿಲು ಯಾರು ತೆಗೆದದ್ದು?

ಸೀನ್_ಸೀನ:
ಅಯ್ಯೋ, ಕನ್ನಡದಲ್ಲಿ ಬರೆಯುತ್ತಿದ್ದೀರಿ ಅಂತ ಮೊದಲೇ ಹೇಳಬಾರದಾ! ಫೌಂಟನ್ ಇಂಗ್ಲಿಷಿನ ಇಂಟ್ (INT, ಒಳಾಂಗಣ), ಎಕ್ಸ್ಟ್ (EXT, ಹೊರಾಂಗಣ) ನೋಡಿ ಹೆಡಿಂಗ್ ಗುರುತಿಸುತ್ತದೆ. ಸಾಲು ಪೂರ್ತಿ ಕ್ಯಾಪಿಟಲ್ ಇದ್ದರೆ ಪಾತ್ರದ ಹೆಸರು. ನಮ್ಮ ಲಿಪಿಯಲ್ಲಿ ಕ್ಯಾಪಿಟಲ್ ಎಲ್ಲಿಂದ ಬರಬೇಕು? ಹೆಡಿಂಗ್ ಮುಂದೆ ಚುಕ್ಕೆ, ಹೆಸರಿನ ಮುಂದೆ @ ಹಾಕಿ:

.ಒಳಾಂಗಣ. ಅಜ್ಜನ ಮನೆ - ರಾತ್ರಿ - 1998

= ಸುಬ್ಬಣ್ಣನಿಗೆ 24, ಜಾತ್ರೆಯ ಮಾರನೇ ದಿನ

@ಸುಬ್ಬಣ್ಣ
ಬಾಗಿಲು ಯಾರು ತೆಗೆದದ್ದು?

ವರ್ಷ ಹೆಡಿಂಗ್‌ನಲ್ಲೇ ಇರಲಿ, ಪಟ್ಟಿಯಲ್ಲೂ ಕಾಣುತ್ತದೆ. = ಇರುವ ಸಾಲು ನಿಮಗೆ ಮಾತ್ರ, ಸಾಮಾನ್ಯವಾಗಿ ಪ್ರಿಂಟ್‌ನಲ್ಲಿ ಬರುವುದಿಲ್ಲ.

ಒಗ್ಗರಣೆ_ಸೀನ್:
ಬಂತು! ಪಟ್ಟಿಯೂ ಬಂತು! ಆದರೆ 96 ಇದ್ದದ್ದು 131 ಪುಟ ಆಯಿತಲ್ಲ. ಸಿನಿಮಾ ಎರಡು ಗಂಟೆ ಮೀರುತ್ತದಾ?

ಸೀನ್_ಸೀನ:
ಇಷ್ಟು ದಿನ ಡೈಲಾಗ್ ಪುಟದ ಅಗಲಕ್ಕೂ ಹರಡಿತ್ತು. ಈಗ ಕಿರಿದಾದ ಜಾಗಕ್ಕೆ ಬಂದಿದೆ, ಅದಕ್ಕೇ. ಪುಟಕ್ಕೊಂದು ನಿಮಿಷ ಅನ್ನುವುದು ಕೊರಿಯರ್‌ನ ಇಂಗ್ಲಿಷ್ ಪುಟದ ಲೆಕ್ಕ, ಅದೂ ಅಂದಾಜು. ಕೊರಿಯರ್‌ನಲ್ಲಿ ಕನ್ನಡ ಅಕ್ಷರವೇ ಇಲ್ಲ. ಕಂಪ್ಯೂಟರ್ ಬೇರೆ ಫಾಂಟ್ ತುಂಬಿಸುತ್ತದೆ. ಒತ್ತಕ್ಷರಕ್ಕೆ ಸಾಲಿನ ಎತ್ತರವೂ ಜಾಸ್ತಿ ಬೇಕು. ಗಡಿಯಾರ ಮುಂದಿಟ್ಟುಕೊಂಡು ಗಟ್ಟಿಯಾಗಿ ಓದಿ ನೋಡಿ.

ಕೊರಿಯರ್12:
ಅಂದರೆ ಫಾಂಟ್‌ದೇ ತೊಂದರೆ. ನಾನು ಮೊದಲೇ ಹೇಳಿದ್ದೆ.

ಸೀನ್_ಸೀನ:
🙏

ಹಳೇ_ಅಸೋಸಿಯೇಟ್:
ಗೋಡೆ ಫೋಟೊ ಹಾಕಿದ್ದೇನೆ. ಮಧ್ಯೆ ಖಾಲಿ ಕಾಣುವ ಜಾಗ ಬೇಕಂತ ಬಿಟ್ಟದ್ದಲ್ಲ. ನಿನ್ನೆ ಫ್ಯಾನ್ ಜೋರಾಗಿ ಹಾಕಿದ್ದೆ. ಇಂಟರ್ವಲ್ ಇನ್ನೂ ಮಂಚದ ಕೆಳಗಿದೆ.